ಮಡಿಕೇರಿಯ ನೀರು, ಮೈನಸ್ 241 ಡಿಗ್ರಿ

ಪ್ರಶ್ನೆ: ಮಡಿಕೇರಿಯಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದಂತೆ. ಪಿಯುಸಿ ಓದುವ ಮಗಳು ಲೆಕ್ಕ ಹಾಕಿದರೆ ಮೈನಸ್ 241 ಬರುತ್ತದೆ. ತಪ್ಪು ಎಲ್ಲಿ?

ಉತ್ತರ: 96 ಸರಿಯೇ. ಸುಮಾರು 1,150 ಮೀಟರ್ ಎತ್ತರದ ಊರು. ಗಾಳಿಯ ಒತ್ತಡ 0.87 ಅಟ್ಮಾಸ್ಫಿಯರ್ ಆಸುಪಾಸು. ನಿಮ್ಮ ಮಗಳು ಕ್ಲಾಸಿಯಸ್–ಕ್ಲಾಪೆರಾನ್ ಸಮೀಕರಣದಲ್ಲಿ ಆವಿಯಾಗುವ ಉಷ್ಣವನ್ನು 40.7 ಕಿಲೋಜೂಲ್ ಎಂದೇ ಇಟ್ಟು, ಅನಿಲ ಸ್ಥಿರಾಂಕವನ್ನು ಮಾತ್ರ ಜೂಲ್‌ನಲ್ಲಿ, 8.314 ಎಂದು ಹಾಕಿದ್ದಾಳೆ. 40,700 ಜೂಲ್ ಎಂದು ಬರೆಯಲಿ. 369 ಕೆಲ್ವಿನ್, ಅಂದರೆ 96 ಡಿಗ್ರಿ ಸಿಗುತ್ತದೆ.

ಈ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ. ನನಗೆ ಹೆಚ್ಚು ಆತಂಕ ಇನ್ನೊಂದರದ್ದು: 373 ಕೆಲ್ವಿನ್ ಬದಲು 100 ಸೆಲ್ಸಿಯಸ್ ಹಾಕಿಬಿಡುವುದು. ಆಗ ಬರುವ ಉತ್ತರ 99.7. ನೋಡಲು ಎಷ್ಟು ಸಹಜವಾಗಿದೆಯೆಂದರೆ, ಮಕ್ಕಳು ಲೆಕ್ಕವನ್ನು ತಿರುಗಿ ನೋಡುವುದೇ ಇಲ್ಲ.