ಇಗಾ ಹೂದಾನಿ

ಇಗಾ ಹೂದಾನಿಯು ಜಪಾನಿನ ಮಿಯೆ ಪ್ರಾಂತ್ಯದ ಇಗಾ ಪ್ರದೇಶದಲ್ಲಿ ಚಹಾ ಸಮಾರಂಭದ ಬಳಕೆಗೆಂದು ತಯಾರಾದ, ಕಲ್ಲಿನಷ್ಟು ಗಟ್ಟಿಯಾಗುವಂತೆ ಸುಟ್ಟ ಮಣ್ಣಿನ ಪಾತ್ರೆ. ನಿಂಜಾಗಳಿಂದಾಗಿ ಹೊರಜಗತ್ತಿಗೆ ಹೆಚ್ಚು ಪರಿಚಿತವಾದ ಈ ಪ್ರದೇಶದ ಶ್ರೇಷ್ಠ ಹೂದಾನಿಗಳು 16ನೆಯ ಶತಮಾನದ ಕೊನೆ ಹಾಗೂ 17ನೆಯ ಶತಮಾನದ ಆರಂಭಕ್ಕೆ ಸೇರಿವೆ. ಇವುಗಳ ಮೈಮೇಲಿನ ಹಸಿರು ಹೊಳಪು ಕುಂಬಾರನು ಬಳಿದದ್ದಲ್ಲ; ಆವಿಗೆಯಲ್ಲಿ ಉರಿದ ಸೌದೆಯ ಬೂದಿ ಕರಗಿ ಉಂಟಾದದ್ದು. ಇದಕ್ಕೆ ಸಹಜ ಬೂದಿಲೇಪ ಎಂದು ಹೆಸರು.

ಲೇಪ ಉಂಟಾಗುವ ಬಗೆ

ಇಗಾದ ಮಣ್ಣು ಪುರಾತನ ಸರೋವರವೊಂದರ ತಳದಲ್ಲಿ ಶೇಖರವಾದದ್ದು. ಇದು ಒರಟಾಗಿದ್ದು ಹೆಚ್ಚಿನ ಶಾಖವನ್ನು ತಾಳಿಕೊಳ್ಳುತ್ತದೆ. ಇಳಿಜಾರಿನಲ್ಲಿ ಸುರಂಗದಂತೆ ಕಟ್ಟಿದ 'ಅನಗಾಮ' ಎಂಬ ಒಂದೇ ಕೋಣೆಯ ಆವಿಗೆಯಲ್ಲಿ ಪೈನ್ ಸೌದೆಯನ್ನು ಹಲವು ದಿನ ಎಡೆಬಿಡದೆ ಉರಿಸಲಾಗುತ್ತದೆ. ಜ್ವಾಲೆಯೊಡನೆ ಹಾರುವ ಬೂದಿಯು ಪಾತ್ರೆಯ ಭುಜದ ಮೇಲೂ ಬೆಂಕಿಗೆ ಎದುರಾದ ಮಗ್ಗುಲಿನಲ್ಲೂ ಕೂರುತ್ತದೆ. ಉಷ್ಣತೆ ಸುಮಾರು 1200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಬೂದಿಯಲ್ಲಿನ ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಅಂಶಗಳು ಮಣ್ಣಿನ ಸಿಲಿಕಾದೊಂದಿಗೆ ಬೆರೆತು ಗಾಜಾಗಿ ಹರಿಯುತ್ತವೆ. ಆಮ್ಲಜನಕ ಕಡಿಮೆಯಿರುವ ಜ್ವಾಲೆಯಲ್ಲಿ ಅಲ್ಪ ಪ್ರಮಾಣದ ಕಬ್ಬಿಣವು ಆ ಗಾಜಿಗೆ ಹಸಿರು ಬಣ್ಣ ಕೊಡುತ್ತದೆ. ಹನಿಗಟ್ಟಿ ನಿಂತ ಈ ಹಸಿರನ್ನು 'ಬಿದೊರೊ' ಎನ್ನುತ್ತಾರೆ. ಗಾಜು ಎಂಬರ್ಥದ ಪೋರ್ಚುಗೀಸ್ ಪದದಿಂದ ಬಂದ ಹೆಸರಿದು. ಕೆಂಡದಲ್ಲಿ ಹೂತ ಭಾಗ ಮಾತ್ರ ಕಪ್ಪಗೆ ಕರಕಲಾಗುತ್ತದೆ, ಅದು 'ಕೊಗೆ'.

ಚಹಾ ಸಮಾರಂಭದಲ್ಲಿ

ಸೆನ್ ನೊ ರಿಕ್ಯೂವಿನ ಶಿಷ್ಯನಾದ ಫುರುತಾ ಓರಿಬೆಯ ಅಭಿರುಚಿ ಈ ಪಾತ್ರೆಗಳೊಂದಿಗೆ ನಿಕಟವಾಗಿ ತಳಕು ಹಾಕಿಕೊಂಡಿದೆ. ಇಲ್ಲಿ 'ಸಹಜ' ಎಂಬ ಮಾತನ್ನು ಲೇಪಕ್ಕಷ್ಟೇ ಅನ್ವಯಿಸಬೇಕು. ತಿಗರಿಯಿಂದ ಇಳಿಸಿದ ಪಾತ್ರೆಯನ್ನು ಬೇಕೆಂದೇ ತಗ್ಗಿಸಿ, ಕೊರೆದು, ಕತ್ತಿನ ಎರಡೂ ಬದಿಗೆ 'ಕಿವಿ'ಗಳನ್ನು ಅಂಟಿಸುತ್ತಿದ್ದರು. ಆವಿಗೆಯಲ್ಲಿ ಯಾವುದನ್ನು ಎಲ್ಲಿ ಇಡಬೇಕೆಂಬುದೂ ಕುಂಬಾರನ ನಿರ್ಧಾರವೇ. ಬೆಂಕಿ ಎಸಗಿದ ಬಿರುಕು, ಸೊಟ್ಟುಗಳನ್ನು ದೋಷವೆನ್ನದೆ ಮೆಚ್ಚಿದ್ದು ಚಹಾ ಗುರುಗಳ ಆಯ್ಕೆ. ಟೋಕಿಯೋದ ಗೊತೊ ವಸ್ತುಸಂಗ್ರಹಾಲಯದಲ್ಲಿರುವ 'ಯಾಬುರೆಬುಕುರೊ', ಅಂದರೆ 'ಹರಿದ ಚೀಲ', ಹೂದಾನಿಯಲ್ಲ, ಇಗಾದ್ದೇ ನೀರಿನ ಪಾತ್ರೆ. ತಳಭಾಗ ಆಳವಾಗಿ ಬಿರಿದಿದ್ದರೂ ಅದು ಜಪಾನಿನ ಪ್ರಮುಖ ಸಾಂಸ್ಕೃತಿಕ ಸ್ವತ್ತೆಂದು ಮಾನ್ಯವಾಗಿದೆ. ಇನ್ನೊಂದು ಪ್ರಸಿದ್ಧ ಹೂದಾನಿಯ ಹೆಸರು 'ನಾಮಜುಮೆ'. ಅದನ್ನು ಬಿಟ್ಟುಕೊಡುವಾಗ ಬೆರಳಿನ ಉಗುರನ್ನೇ ಕಿತ್ತಂತಾಯಿತೆಂದು ಓರಿಬೆ ನೊಂದುಕೊಂಡದ್ದರಿಂದ ಈ ಹೆಸರು ಬಂದಿತೆಂಬುದು ಪ್ರತೀತಿ.

ಅನಿಲದ ಆವಿಗೆಗಳಲ್ಲಿ ಬೂದಿಯನ್ನು ಮೊದಲೇ ಸಿಂಪಡಿಸಿ ಇಂಥದೇ ಹಸಿರನ್ನು ಪಡೆಯುವುದು ಇಂದು ಸಾಧ್ಯ. ಅದು ಬೂದಿಲೇಪವಾದರೂ ಸಹಜ ಬೂದಿಲೇಪ ಎನಿಸುವುದಿಲ್ಲ.