‘ದಿ ಕಿಡ್’ ಹುಡುಗ ದುಡಿದ ದುಡ್ಡು ಎಲ್ಲಿ ಹೋಯ್ತು? ಒಂಟಿ ಅಪ್ಪನ ಸಿನಿಮಾದ ತೆರೆಮರೆಯ ಕತೆಗಳು, ತಪ್ಪುಗಳು

(ಪಾಡ್‌ಕಾಸ್ಟ್ ಕಂತಿನ ಲಿಖಿತ ರೂಪ. ಓದಲು ಸುಲಭವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ಇವತ್ತಿನ ವಿಷಯ ಒಂಟಿ ಅಪ್ಪಂದಿರ ಸಿನಿಮಾ. ಅಂದ್ರೆ, ಮನೆಯಲ್ಲಿ ತಾಯಿ ಇಲ್ಲ, ಅಪ್ಪ ಒಬ್ಬನೇ ಮಕ್ಕಳನ್ನ ಸಾಕ್ತಾನೆ. ಅರ್ಧ ನಗು, ಅರ್ಧ ಅಳು. ಕನ್ನಡದಲ್ಲೂ ಈ ಜಾತಿಯ ಚಿತ್ರಗಳಿವೆ. 1980ರಲ್ಲಿ ನಟಿ ಲಕ್ಷ್ಮಿ ನಿರ್ದೇಶಿಸಿದ ‘ಮಕ್ಕಳ ಸೈನ್ಯ’ದಲ್ಲಿ ವಿಷ್ಣುವರ್ಧನ್ ಅವರದ್ದು ಮಕ್ಕಳಿರುವ ವಿಧುರನ ಪಾತ್ರ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನೀವೆಲ್ಲ ನೋಡಿರ್ತೀರಿ. ಅದರಲ್ಲಿ ಹೆಂಡತಿಯನ್ನ ಕಳೆದುಕೊಂಡ ವೆಂಕೋಬ ರಾವ್ ಆಗಿ ಅನಂತ್ ನಾಗ್, ಮಗನಾಗಿ ರಕ್ಷಿತ್ ಶೆಟ್ಟಿ ಇದ್ದಾರೆ.

ಆದ್ರೆ ಇವೆಲ್ಲಕ್ಕೂ ಮುತ್ತಜ್ಜ ಅನ್ನಬಹುದಾದ ಒಂದು ಚಿತ್ರ ಇದೆ. 1921ರಲ್ಲಿ ಬಂದ ಚಾರ್ಲಿ ಚಾಪ್ಲಿನ್ ಅವರ ‘ದಿ ಕಿಡ್’. ಮಾತಿಲ್ಲದ ಮೂಕಿ ಚಿತ್ರ. ಈಗ ಸಿಗುವ ಪ್ರತಿ ಒಂದು ಗಂಟೆಯೂ ಇಲ್ಲ, ಫೋನಿನಲ್ಲೇ ನೋಡಿ ಮುಗಿಸಬಹುದು. ಇದರ ತೆರೆಮರೆಯ ಕತೆ ಚಿತ್ರಕ್ಕಿಂತ ದೊಡ್ಡದು. ಕೊನೆಗೆ ಅದು ನಮ್ಮ ಊರಿನ ಮಕ್ಕಳ ಬ್ಯಾಂಕ್ ಖಾತೆವರೆಗೂ ಬಂದು ನಿಲ್ಲುತ್ತೆ. ಹೇಗೆ ಅಂತ ನೋಡೋಣ.

ಕಾಫಿ ಕೆಟಲ್‌ನಲ್ಲಿ ಹಾಲು

ಕತೆ ಸರಳ. ಒಬ್ಬ ಬಡ ತಾಯಿ ತನ್ನ ಕೂಸನ್ನ ಒಂದು ಕಾರಿನಲ್ಲಿ ಬಿಟ್ಟು ಹೋಗ್ತಾಳೆ. ಶ್ರೀಮಂತರ ಮನೆಯಲ್ಲಿ ಬೆಳೆಯಲಿ ಅನ್ನೋ ಆಸೆ. ಆದ್ರೆ ಕಾರು ಕಳುವಾಗಿ, ಕೂಸು ಬೀದಿಗೆ ಬಂದು, ಅಲೆಮಾರಿ ಚಾಪ್ಲಿನ್ ಕೈಗೆ ಸಿಗುತ್ತೆ. ಮೊದಮೊದಲು ಅವನು ಅದನ್ನ ಯಾರಿಗಾದ್ರೂ ದಾಟಿಸೋಕೆ ಒದ್ದಾಡ್ತಾನೆ. ಆಮೇಲೆ ತಾನೇ ಸಾಕ್ತಾನೆ.

ಆ ಸಾಕೋ ರೀತಿ ನೋಡಬೇಕು. ಹಾಲಿನ ಬಾಟಲಿ ಇಲ್ಲ, ಕಾಫಿ ಕೆಟಲ್ಲಿಗೆ ನಿಪ್ಪಲ್ ಸಿಕ್ಕಿಸಿ ಹಗ್ಗದಲ್ಲಿ ತೂಗು ಹಾಕ್ತಾನೆ. ಜೋಳಿಗೆಯಂಥ ತೊಟ್ಟಿಲಲ್ಲಿ ಮಲಗಿದ ಕೂಸು ಅದನ್ನೇ ಚೀಪುತ್ತೆ. ಕುರ್ಚಿಯ ಮಧ್ಯೆ ತೂತು ಕೊರೆದು, ಕೆಳಗೆ ಪೀಕದಾನಿ ಇಟ್ಟು, ಕೂಸಿನ ಕಕ್ಕಸು ಸಿದ್ಧ ಮಾಡ್ತಾನೆ! ನಗು ಬರುತ್ತೆ. ಆದ್ರೆ ನಕ್ಕ ಮೇಲೆ ಅನಿಸುತ್ತೆ: ಪಾಪ, ಯಾರೂ ಹೇಳಿಕೊಡದೆ ಇವನು ಎಷ್ಟು ಕಲಿತ ಅಂತ.

ನಗುವಿನ ಹಿಂದಿನ ಎರಡು ನೋವು

ಚಾಪ್ಲಿನ್ ಅವರ ಮೊದಲ ಮಗು ಹುಟ್ಟಿದ್ದು 1919ರ ಜುಲೈ 7ರಂದು. ಮೂರೇ ದಿನಕ್ಕೆ ತೀರಿಕೊಂಡಿತು. ಕೆಲವೇ ದಿನಗಳಲ್ಲಿ ಅವರು ಈ ಚಿತ್ರಕ್ಕಾಗಿ ಕೂಸುಗಳನ್ನ ಹುಡುಕೋಕೆ ಶುರು ಮಾಡಿದ್ರು.

ಇನ್ನೊಂದು ನೋವು ಹಳೆಯದು. ಲಂಡನ್ನಿನಲ್ಲಿ ಹುಟ್ಟಿದ ಚಾಪ್ಲಿನ್ ಏಳು ವರ್ಷದವರಿದ್ದಾಗ, ಅಂದ್ರೆ 1896ರಲ್ಲಿ, ಮನೆಯಲ್ಲಿ ಊಟಕ್ಕೆ ಗತಿ ಇಲ್ಲದೆ ಸರ್ಕಾರಿ ಬಡವರ ಆಶ್ರಯಕ್ಕೆ ಸೇರಬೇಕಾಯ್ತು. ಅಲ್ಲಿಂದ ತಾಯಿಯನ್ನ ಬಿಟ್ಟು ಅನಾಥ ಮಕ್ಕಳ ಶಾಲೆಗೆ. ‘ದಿ ಕಿಡ್’ನಲ್ಲಿ ಅಧಿಕಾರಿಗಳು ಬಂದು ಹುಡುಗನನ್ನ ಅನಾಥಾಲಯದ ಗಾಡಿಗೆ ಹಾಕಿಕೊಂಡು ಹೋಗ್ತಾರಲ್ಲ, ಆ ದೃಶ್ಯ ಎದೆಗೆ ತಾಗೋದು ಅದಕ್ಕೇ. ಅದನ್ನ ಮಾಡಿದವರಿಗೆ ಆ ಗಾಡಿ ಏನು ಅಂತ ಗೊತ್ತಿತ್ತು.

ಪುಟ್ಟ ಹೀರೊ ಸಿಕ್ಕಿದ್ದು, ಅತ್ತಿದ್ದು

ಹುಡುಗನ ಪಾತ್ರ ಮಾಡಿದವನು ಜಾಕಿ ಕೂಗನ್. ಹುಟ್ಟಿದ್ದು 1914ರಲ್ಲಿ. ಲಾಸ್ ಏಂಜಲೀಸ್‌ನ ಒಂದು ರಂಗಮಂದಿರದಲ್ಲಿ ಅಪ್ಪನ ಜೊತೆ ಕುಣೀತಿದ್ದ ನಾಲ್ಕು ವರ್ಷದ ಪೋರನನ್ನ ಚಾಪ್ಲಿನ್ ನೋಡಿ ಮೆಚ್ಚಿದ್ರು. ಅಪ್ಪನಿಗೂ ಚಿತ್ರದಲ್ಲಿ ಕೆಲಸ ಸಿಕ್ಕಿತು, ಅದೂ ಒಂದಲ್ಲ! ರಾತ್ರಿ ತಂಗೋ ಛತ್ರದಲ್ಲಿ ಜೇಬು ಕತ್ತರಿಸೋಕೆ ಬರೋ ಕಳ್ಳನೂ ಅವನೇ, ಕನಸಿನ ದೃಶ್ಯದ ಸೈತಾನನೂ ಅವನೇ. ಮುಂದಿನ ಸಲ ನೋಡುವಾಗ ಗಮನಿಸಿ.

ಈಗ ಆ ಪ್ರಸಿದ್ಧ ಅಳು. ಹುಡುಗ ಗಾಡಿಯಲ್ಲಿ ಕೈಚಾಚಿ ಅಳೋ ದೃಶ್ಯ. ಜಾಕಿ ಸೆಟ್‌ನಲ್ಲಿ ಕುಣಿದು ಕುಪ್ಪಳಿಸ್ತಿದ್ದ, ಅಳು ಬರ್ತಿರಲಿಲ್ಲ. ಕೊನೆಗೆ ಅವನ ಅಪ್ಪನೇ ‘ಅಳದಿದ್ರೆ ನಿನ್ನನ್ನ ನಿಜವಾಗ್ಲೂ ಆಶ್ರಮಕ್ಕೆ ಕಳಿಸ್ತೀವಿ’ ಅಂತ ಹೆದರಿಸಿದ. ಹುಡುಗ ಬಿಕ್ಕಿಬಿಕ್ಕಿ ಅತ್ತ. ಕ್ಯಾಮೆರಾ ಓಡಿತು. ಆಮೇಲೆ ಚಾಪ್ಲಿನ್ ಸಮಾಧಾನ ಮಾಡೋಕೆ ಹೋದ್ರೆ, ಅಪ್ಪ ಸುಮ್ಮನೆ ಹೇಳಿದ್ದು ಅಂತ ನಂಗೊತ್ತಿತ್ತು ಅಂದನಂತೆ ಆ ಪೋರ. ಚಾಪ್ಲಿನ್ ತಮ್ಮ ಆತ್ಮಕತೆಯಲ್ಲಿ ಇದನ್ನ ಬರೆದಿದ್ದಾರೆ. ಓದಿದ್ರೆ ಮುದ್ದು ಬರುತ್ತೆ. ಆದ್ರೂ ಒಂದು ಪ್ರಶ್ನೆ ಉಳಿಯುತ್ತೆ: ಅಷ್ಟು ಸಣ್ಣ ಮಗುವನ್ನ ಹೆದರಿಸಿ ಅಳಿಸಿದ್ದು ಸರಿಯಾ?

ಹೋಟೆಲ್ ರೂಮಿನಲ್ಲಿ ಎಡಿಟಿಂಗ್

ಚಾಪ್ಲಿನ್ ಒಂದು ದೃಶ್ಯವನ್ನ ಮನಸ್ಸಿಗೆ ಒಪ್ಪೋವರೆಗೂ ತೆಗೆದದ್ದನ್ನೇ ತೆಗೀತಿದ್ರು. ಕೊನೆಗೆ ಚಿತ್ರದಲ್ಲಿ ಉಳಿದದ್ದಕ್ಕಿಂತ 50 ಪಟ್ಟಿಗೂ ಹೆಚ್ಚು ರೀಲು ಖರ್ಚಾಗಿತ್ತು. ಅಷ್ಟರಲ್ಲಿ ಹೆಂಡತಿ ಮಿಲ್ಡ್ರೆಡ್ ಹ್ಯಾರಿಸ್ ಜೊತೆ ವಿಚ್ಛೇದನದ ಜಗಳ ಶುರುವಾಗಿ, ವಕೀಲರು ಚಿತ್ರವನ್ನೇ ಜಪ್ತಿ ಮಾಡಿಸ್ತಾರೆ ಅನ್ನೋ ಭಯ ಬಂತು. ಚಾಪ್ಲಿನ್ ತಂಡ ನೆಗೆಟಿವ್‌ಗಳನ್ನ ಕಾಫಿ ಡಬ್ಬಿಗಳಲ್ಲಿ ತುಂಬಿಕೊಂಡು ಸಾಲ್ಟ್ ಲೇಕ್ ಸಿಟಿಗೆ ಓಡಿತು. ಅಲ್ಲಿ ಹೋಟೆಲ್ ರೂಮಿನಲ್ಲಿ ಗುಟ್ಟಾಗಿ ಎಡಿಟಿಂಗ್ ನಡೀತು.

ಇನ್ನೊಂದು ವಿಷಯ. ನಾವು ಇವತ್ತು ನೋಡೋದು ಸಾಮಾನ್ಯವಾಗಿ 1921ರ ಪ್ರತಿ ಅಲ್ಲ. 1971ರಲ್ಲಿ, 80 ದಾಟಿದ್ದ ಚಾಪ್ಲಿನ್ ತಾಯಿ ಪಾತ್ರದ ಕೆಲವು ದೃಶ್ಯಗಳನ್ನ ಕತ್ತರಿಸಿ, ತಾವೇ ಹೊಸ ಸಂಗೀತ ಹಾಕಿ ಮತ್ತೆ ಬಿಟ್ರು. ಹಾಗಾಗಿ ತಾಯಿಯ ಕತೆ ಎಲ್ಲೋ ಜಿಗಿದ ಹಾಗೆ ಅನಿಸಿದ್ರೆ, ಅದು ಮರೆವಿನಿಂದ ಆದದ್ದಲ್ಲ, ಕತ್ತರಿಯಿಂದ ಆದದ್ದು.

ಮಕ್ಕಳಿರೋ ಚಿತ್ರದಲ್ಲಿ ತಪ್ಪು ಯಾಕೆ ಜಾಸ್ತಿ?

ಒಂದು ಶಾಟ್‌ನಲ್ಲಿ ಹಾಲಿನ ಲೋಟ ತುಂಬಿರುತ್ತೆ, ಮುಂದಿನ ಶಾಟ್‌ನಲ್ಲಿ ಅರ್ಧ. ಕೂಸಿನ ಟೊಪ್ಪಿಗೆ ಬಲಕ್ಕಿದ್ದದ್ದು ಎಡಕ್ಕೆ. ಇಂಥದ್ದನ್ನ ಕಂಟಿನ್ಯುಟಿ ತಪ್ಪು ಅಂತಾರೆ. ಪರದೆ ಮೇಲೆ ಎರಡು ನಿಮಿಷ ಓಡೋ ದೃಶ್ಯವನ್ನ ಎರಡು ದಿನ ತೆಗೆದಿರ್ತಾರೆ, ಅದೂ ಹಿಂದುಮುಂದಾಗಿ. ದೊಡ್ಡ ನಟರಾದ್ರೆ ಎಲ್ಲಿ ನಿಂತಿದ್ದೆ, ಯಾವ ಕೈಯಲ್ಲಿ ಲೋಟ ಹಿಡಿದಿದ್ದೆ ಅಂತ ನೆನಪಿಟ್ಟುಕೊಳ್ತಾರೆ. ಕೂಸಿಗೆ ಅದನ್ನ ಯಾರು ಹೇಳ್ತೀರಿ? ಅದು ಅಳೋದು ಅದರ ಹೊತ್ತಿಗೆ, ನಗೋದು ಅದರ ಹೊತ್ತಿಗೆ. ಚೆನ್ನಾಗಿ ನಕ್ಕ ಶಾಟ್ ಸಿಕ್ತು ಅಂದ್ರೆ, ಟೊಪ್ಪಿಗೆ ಸೊಟ್ಟ ಇದ್ರೂ ಎಡಿಟರ್ ಅದನ್ನೇ ಇಟ್ಟುಕೊಳ್ತಾರೆ.

ಅದಕ್ಕೇ ಕೂಸಿನ ಪಾತ್ರಕ್ಕೆ ಅವಳಿ ಮಕ್ಕಳನ್ನ ಹುಡುಕೋದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರು ತಿಂಗಳೊಳಗಿನ ಕೂಸನ್ನ ದಿನಕ್ಕೆ 20 ನಿಮಿಷಕ್ಕಿಂತ ಹೆಚ್ಚು ಕ್ಯಾಮೆರಾ ಮುಂದೆ ಇಡೋ ಹಾಗಿಲ್ಲ. ಒಂದಕ್ಕೆ ನಿದ್ದೆ ಬಂದ್ರೆ ಇನ್ನೊಂದು ಇರಲಿ ಅನ್ನೋ ಲೆಕ್ಕ. ಹೆಂಡತಿ ಸತ್ತ ಅಪ್ಪ ಮೂರು ಹೆಣ್ಣುಮಕ್ಕಳನ್ನ ಸಾಕೋ ಟಿವಿ ಹಾಸ್ಯ ಸರಣಿ ‘ಫುಲ್ ಹೌಸ್’ನಲ್ಲಿ ಕೊನೆಯ ಮಗುವಿನ ಪಾತ್ರ ಮಾಡಿದ್ದು ಮೇರಿ-ಕೇಟ್ ಮತ್ತು ಆ್ಯಶ್ಲಿ ಓಲ್ಸೆನ್ ಎಂಬ ಅವಳಿಗಳು.

ಕೆಲವೊಮ್ಮೆ ತಪ್ಪು ದೆವ್ವವೂ ಆಗುತ್ತೆ! 1987ರಲ್ಲಿ ‘ತ್ರೀ ಮೆನ್ ಆ್ಯಂಡ್ ಎ ಬೇಬಿ’ ಅನ್ನೋ ಚಿತ್ರ ಬಂತು. ಮೂವರು ಬ್ರಹ್ಮಚಾರಿಗಳು ಒಂದು ಕೂಸು ಸಾಕೋ ಕತೆ. ಅದು ವಿಡಿಯೊ ಕ್ಯಾಸೆಟ್ ಆಗಿ ಮನೆಮನೆಗೆ ಹೋದ ಮೇಲೆ, 1990ರ ಸುಮಾರಿಗೆ ಒಂದು ಗುಲ್ಲೆದ್ದಿತು: ಕಿಟಕಿ ಪರದೆ ಹತ್ರ ಒಬ್ಬ ಹುಡುಗ ನಿಂತಿದ್ದಾನೆ, ಆ ಮನೆಯಲ್ಲಿ ಸತ್ತ ಹುಡುಗನ ದೆವ್ವ ಅದು ಅಂತ. ನಿಜ ಏನಂದ್ರೆ, ಅದು ಮನೆಯೇ ಅಲ್ಲ, ಟೊರೊಂಟೊದಲ್ಲಿ ಹಾಕಿದ್ದ ಸೆಟ್. ‘ದೆವ್ವ’ ಅಂದ್ರೆ ನಟ ಟೆಡ್ ಡ್ಯಾನ್ಸನ್ ಅವರದ್ದೇ ರಟ್ಟಿನ ಕಟೌಟ್. ಅವರ ಪಾತ್ರ ನಾಯಿ ಆಹಾರದ ಜಾಹೀರಾತು ಮಾಡೋ ಒಂದು ಭಾಗಕ್ಕೆ ಅದನ್ನ ಮಾಡಿಸಿದ್ರು. ಆ ಭಾಗ ಕತ್ತರಿಗೆ ಸಿಕ್ತು, ಕಟೌಟ್ ಮಾತ್ರ ಫ್ರೇಮಿನಲ್ಲಿ ಉಳೀತು. ವಾಟ್ಸ್‌ಆ್ಯಪ್ ಇಲ್ಲದ ಕಾಲದ ಫಾರ್ವರ್ಡ್ ಮೆಸೇಜ್ ಇದು.

ತೆರೆಯ ಹಿಂದಿನ ದೊಡ್ಡ ತಪ್ಪು

ಇವೆಲ್ಲ ನಕ್ಕು ಮರೆಯೋ ತಪ್ಪುಗಳು. ಈಗ ಮರೆಯಬಾರದ್ದು.

‘ದಿ ಕಿಡ್’ ಬಂದ ಮೇಲೆ ಜಾಕಿ ಜಗತ್ತಿಗೇ ಮನೆಮಗ ಆದ. ಚಿತ್ರದ ಮೇಲೆ ಚಿತ್ರ. ಬಾಲ್ಯದಲ್ಲಿ ಅವನು ದುಡಿದದ್ದು 30ರಿಂದ 40 ಲಕ್ಷ ಡಾಲರ್ ಅನ್ನೋ ಅಂದಾಜಿದೆ. ಆ ಕಾಲದ ಡಾಲರ್ ರೀ! 1935ರಲ್ಲಿ ಕಾರು ಅಪಘಾತದಲ್ಲಿ ಅಪ್ಪ ತೀರಿಕೊಂಡ. ಅದೇ ವರ್ಷ ಜಾಕಿಗೆ 21 ತುಂಬಿತು. ನನ್ನ ದುಡ್ಡು ಕೊಡಿ ಅಂದ್ರೆ ತಾಯಿ ಮತ್ತು ಮಲತಂದೆ ಕೊಡಲಿಲ್ಲ. ಅಪ್ರಾಪ್ತ ಮಕ್ಕಳ ದುಡಿಮೆ ಹೆತ್ತವರಿಗೇ ಸೇರಿದ್ದು ಅಂತ ಆಗಿನ ಕಾನೂನೂ ಹೇಳ್ತಿತ್ತು. 1938ರಲ್ಲಿ ಜಾಕಿ ಕೋರ್ಟಿಗೆ ಹೋದ. ಕೊನೆಗೆ ಕೈಗೆ ಸಿಕ್ಕಿದ್ದು ಸುಮಾರು 1,26,000 ಡಾಲರ್. ಉಳಿದದ್ದೆಲ್ಲ ಖರ್ಚಾಗಿತ್ತು.

ಜನ ಸಿಟ್ಟಿಗೆದ್ದರು. 1939ರಲ್ಲಿ ಕ್ಯಾಲಿಫೋರ್ನಿಯಾ ಹೊಸ ಕಾನೂನು ತಂದಿತು. ಅದನ್ನ ಇವತ್ತಿಗೂ ‘ಕೂಗನ್ ಕಾಯ್ದೆ’ ಅಂತಲೇ ಕರೀತಾರೆ. ಈಗ ಅದರ ಪ್ರಕಾರ ಬಾಲನಟರ ದುಡಿಮೆಯಲ್ಲಿ ಶೇ 15ರಷ್ಟನ್ನ ಅವರ ಹೆಸರಲ್ಲೇ ಇಡಬೇಕು. 2024ರಲ್ಲಿ ಆ ರಾಜ್ಯ ಆನ್‌ಲೈನ್ ವಿಡಿಯೊಗಳಲ್ಲಿ ದುಡಿಯೋ ಮಕ್ಕಳಿಗೂ ಇಂಥ ರಕ್ಷಣೆ ಕೊಡುವ ಕಾನೂನು ಮಾಡಿತು. ಜಾಕಿಯೇನು ಮೂಲೆ ಸೇರಲಿಲ್ಲ. 1964ರಲ್ಲಿ ಶುರುವಾದ ‘ದಿ ಆ್ಯಡಮ್ಸ್ ಫ್ಯಾಮಿಲಿ’ ಸರಣಿಯಲ್ಲಿ ಬೋಳುತಲೆಯ ಅಂಕಲ್ ಫೆಸ್ಟರ್ ಬರ್ತಾನಲ್ಲ, ಅವನೇ ಈ ಕಿಡ್!

ನಮ್ಮಲ್ಲಿ ಹೇಗೆ?

‘ಬೆಟ್ಟದ ಹೂವು’ ನೆನಪಿದೆಯಾ? ಬಾಲಕ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಪುಸ್ತಕ ಕೊಳ್ಳೋಕೆ ಅಂತ ಪೈಸೆ ಪೈಸೆ ಕೂಡಿಟ್ಟ ರಾಮು ಕೊನೆಗೆ ಮನೆಯವರಿಗಾಗಿ ಕಂಬಳಿ ತರ್ತಾನೆ. ನಮ್ಮ ಕಣ್ಣು ಒದ್ದೆಯಾಗುತ್ತೆ, ಯಾಕಂದ್ರೆ ಆ ತೀರ್ಮಾನ ಹುಡುಗನದ್ದು. ಅವನನ್ನ ಕೇಳದೆ ಯಾರೋ ಆ ದುಡ್ಡು ಎತ್ತಿಕೊಂಡಿದ್ರೆ ಅದು ಬೇರೆಯೇ ಕತೆ ಆಗ್ತಿತ್ತು.

ಭಾರತದಲ್ಲಿ 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯ್ತು, 2017ರಲ್ಲಿ ನಿಯಮ ಬಂತು. 14 ವರ್ಷದೊಳಗಿನ ಮಕ್ಕಳು ಸಿನಿಮಾ, ಧಾರಾವಾಹಿ, ಜಾಹೀರಾತಿನಲ್ಲಿ ನಟಿಸಬಹುದು, ಆದ್ರೆ ಷರತ್ತುಗಳಿವೆ:

– ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಇಲ್ಲ. ವಿಶ್ರಾಂತಿ ಇಲ್ಲದೆ 3 ಗಂಟೆ ದಾಟುವಂತಿಲ್ಲ.
– ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಶಾಲೆ ತಪ್ಪಬಾರದು.
– ಮಗುವಿನ ಒಪ್ಪಿಗೆ ಇಲ್ಲದೆ ನಟಿಸುವಂತಿಲ್ಲ.
– ಶೂಟಿಂಗ್ ನಡೆಯೋ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ಆನೆಗೊಂದಿಯಲ್ಲೋ ಸಾಣಾಪುರದಲ್ಲೋ ಶೂಟಿಂಗ್ ಆದ್ರೆ, ಕೊಪ್ಪಳದ ಡಿಸಿ ಅನುಮತಿ ಅಂತ ಅರ್ಥ.
– ಮಗುವಿನ ಸಂಭಾವನೆಯಲ್ಲಿ ಕನಿಷ್ಠ ಶೇ 20ರಷ್ಟು ನೇರವಾಗಿ ಅದರ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಅದು ಮಗುವಿನ ಕೈಗೆ.

ಅಂದ್ರೆ ಒಂದು ಮಗುವಿಗೆ 50,000 ರೂಪಾಯಿ ಬಂತು ಅಂದ್ರೆ, 10,000ವನ್ನ ಅಪ್ಪನೂ ಮುಟ್ಟೋ ಹಾಗಿಲ್ಲ, ಅವ್ವನೂ ಮುಟ್ಟೋ ಹಾಗಿಲ್ಲ. ರಿಯಾಲಿಟಿ ಶೋ ಆಡಿಷನ್‌ಗೆ ತಮ್ಮನನ್ನೋ ತಂಗಿಯನ್ನೋ ಕರ್ಕೊಂಡು ಹೋಗೋರು ಇದನ್ನ ಕೇಳಿ ತಿಳ್ಕೊಬೇಕು. ಸಹಿ ಹಾಕೋ ಮುಂಚೆ ‘ಎಫ್‌ಡಿ ಯಾವ ಬ್ಯಾಂಕಿನಲ್ಲಿ ರೀ?’ ಅಂತ ಕೇಳೋದು ಅವಮಾನ ಅಲ್ಲ, ಹಕ್ಕು.

ರೀಲ್ಸ್ ವಿಷಯಕ್ಕೆ ಬರೋಣ. ಈ ನಿಯಮದಲ್ಲಿ ರೀಲ್ಸ್ ಅನ್ನೋ ಪದವೇ ಇಲ್ಲ. ಮನೆಯಲ್ಲೇ ತೆಗೆದ ವಿಡಿಯೊಗೆ ಡಿಸಿ ಬರಲ್ಲ, ಗಂಟೆ ಲೆಕ್ಕ ಇಡೋರೂ ಇಲ್ಲ. ಫೋನ್ ಹಿಡಿದವರೇ ನಿರ್ದೇಶಕ, ಅವರೇ ನಿರ್ಮಾಪಕ. ಕೂಸು ಅಳೋ ವಿಡಿಯೊಗೆ ವ್ಯೂಸ್ ಜಾಸ್ತಿ ಅಂತ ಅದನ್ನ ಬೇಕಂತಲೇ ಅಳಿಸಿದ್ರೆ, ಅದು ನೂರು ವರ್ಷದ ಹಿಂದಿನ ಆ ಸೆಟ್‌ನಲ್ಲಿ ನಡೆದದ್ದೇ. ಜಾಹೀರಾತಿನ ದುಡ್ಡು ಬರ್ತಿದ್ರೆ ಶೇ 20 ಮಗುವಿನ ಹೆಸರಲ್ಲಿ ಇಡೋಕೆ ಕಾನೂನು ಬರೋವರೆಗೂ ಕಾಯಬೇಕಾ? ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇವತ್ತೇ ಒಂದು ಖಾತೆ ತೆಗೀಬಹುದು.

ಎಲ್ಲಾದ್ರೂ ಮಗುವನ್ನ ಬಲವಂತವಾಗಿ ದುಡಿಸ್ತಿದ್ದಾರೆ ಅನಿಸಿದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆ ಉಚಿತ.

‘ದಿ ಕಿಡ್’ ನೋಡಿ. ಟೊಪ್ಪಿಗೆ ಯಾವ ಕಡೆ ತಿರುಗಿದೆ ಅಂತ ಹುಡುಕಿ, ನಗಾಡಿ. ಗಾಡಿಯಲ್ಲಿ ಆ ಹುಡುಗ ಕೈಚಾಚಿದಾಗ ಮಾತ್ರ, ಪಾತ್ರದ ಜೊತೆಗೆ ಜಾಕಿಯನ್ನೂ ಒಂದು ಕ್ಷಣ ನೆನೆಸಿಕೊಳ್ಳಿ.

ಈ ಕಂತು ಹಿಡಿಸಿದ್ರೆ ಗೆಳೆಯರಿಗೆ ಕಳಿಸಿ, ಮಕ್ಕಳ ರೀಲ್ಸ್ ಮಾಡೋ ಅಣ್ಣ ಅಕ್ಕಂದಿರಿಗೆ ಮೊದಲು ಕಳಿಸಿ.