ಆರೋಗ್ಯಶ್ರೀ ಯಾರ ಕೂಸು?

2023ರ ಸೆಪ್ಟೆಂಬರ್ 17, ಭಾನುವಾರ. ಹೈದರಾಬಾದಿನಲ್ಲಿ ಅಂದು ಒಂದೇ ತಾರೀಖಿಗೆ ಮೂರು ಹಬ್ಬ. ಸಿಕಂದರಾಬಾದಿನ ಪರೇಡ್ ಮೈದಾನದಲ್ಲಿ ಅಮಿತ್ ಶಾ ಧ್ವಜ ಹಾರಿಸಿದರು, ಅದು ‘ಹೈದರಾಬಾದ್ ವಿಮೋಚನಾ ದಿನ’. ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಆಗಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ (ಕೆಸಿಆರ್) ಧ್ವಜ ಹಾರಿಸಿದರು, ಅದು ‘ರಾಷ್ಟ್ರೀಯ ಏಕೀಕರಣ ದಿನ’. ಸಂಜೆ ಊರ ಹೊರಗಿನ ತುಕ್ಕುಗೂಡದಲ್ಲಿ ಕಾಂಗ್ರೆಸ್ಸಿನ ಸಭೆ. ಅಲ್ಲಿ ಸೋನಿಯಾ ಗಾಂಧಿ ಆರು ಗ್ಯಾರಂಟಿಗಳನ್ನು ಘೋಷಿಸಿದರು.

1948ರ ಆ ದಿನ ನಿಜಾಮರ ಸಂಸ್ಥಾನ ಭಾರತಕ್ಕೆ ಶರಣಾದದ್ದನ್ನು ಏನೆಂದು ಕರೆಯಬೇಕು ಎಂಬುದು ಇನ್ನೂ ಮುಗಿಯದ ಜಗಳ. ಪಟೇಲರು ಬಿಡಿಸಿದರು ಎನ್ನುತ್ತದೆ ಬಿಜೆಪಿ. ಪಟೇಲರು ಯಾವ ಪಕ್ಷದವರು ಎಂದು ಕೇಳುತ್ತದೆ ಕಾಂಗ್ರೆಸ್. ಸಂಸ್ಥಾನದೊಳಗೆ ನಿಷೇಧದ ನಡುವೆ ಸ್ಟೇಟ್ ಕಾಂಗ್ರೆಸ್ ಕಟ್ಟಿದ ಸ್ವಾಮಿ ರಮಾನಂದ ತೀರ್ಥರನ್ನು ನೆನಪಿಸುತ್ತದೆ. ಅವರು ಹುಟ್ಟಿದ್ದು ನಮ್ಮ ಸಿಂದಗಿಯಲ್ಲಿ. ಹಳ್ಳಿಹಳ್ಳಿಯಲ್ಲಿ ಬಂದೂಕು ಹಿಡಿದವರು ನಾವು ಎನ್ನುವ ಕಮ್ಯುನಿಸ್ಟರ ಲೆಕ್ಕ ಬೇರೆಯೇ. ಕಲಬುರಗಿ ಕಡೆಯವರಿಗೆ ಇದು ಹೊಸದಲ್ಲ. ಅಲ್ಲಿ ವಿಮೋಚನಾ ದಿನವಾಗಿದ್ದದ್ದು 2019ರಲ್ಲಿ ಕಲ್ಯಾಣ ಕರ್ನಾಟಕ ಉತ್ಸವವಾಯಿತು.

ತುಕ್ಕುಗೂಡದ ಗ್ಯಾರಂಟಿಗಳಲ್ಲಿ ಒಂದು, ಬಡವರ ಚಿಕಿತ್ಸೆಯ ಯೋಜನೆಯಾದ ‘ರಾಜೀವ್ ಆರೋಗ್ಯಶ್ರೀ’ಯ ಮಿತಿಯನ್ನು ಐದರಿಂದ ಹತ್ತು ಲಕ್ಷ ರೂಪಾಯಿಗೆ ಏರಿಸುವುದು. ತಿಂಗಳು ಕಳೆಯುವಷ್ಟರಲ್ಲಿ ಕೆಸಿಆರ್ ಪಕ್ಷ ಬಿಆರ್‌ಎಸ್ ತನ್ನ ಪ್ರಣಾಳಿಕೆಯಲ್ಲಿ ಹದಿನೈದು ಲಕ್ಷ ಎಂದಿತು. ಹರಾಜಿನ ಕಟ್ಟೆಯ ಮೇಲೆ ಕೂಗಿದ ಹಾಗೆ. ಗೆದ್ದ ಕಾಂಗ್ರೆಸ್ ಡಿಸೆಂಬರ್ 9ರಂದೇ, ಅಂದರೆ ರೇವಂತ್ ರೆಡ್ಡಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡ ಎರಡೇ ದಿನಕ್ಕೆ, ಹತ್ತು ಲಕ್ಷದ ಮಾತನ್ನು ಜಾರಿಗೆ ತಂದಿತು. ಅಂದು ಸೋನಿಯಾ ಗಾಂಧಿಯವರ ಹುಟ್ಟುಹಬ್ಬ ಕೂಡ.

ಈ ಯೋಜನೆಯ ಬೇರು ಹುಡುಕುತ್ತಾ ಹೋದರೆ ದಾರಿ ಒಮ್ಮೆ ಕಲಬುರಗಿಯನ್ನು ಹಾದು ಬರುತ್ತದೆ. ವೈ.ಎಸ್. ರಾಜಶೇಖರ ರೆಡ್ಡಿ ಎಂಬಿಬಿಎಸ್ ಓದಿದ್ದು ಅಲ್ಲಿನ ಮಹಾದೇವಪ್ಪ ರಾಂಪುರೆ ಮೆಡಿಕಲ್ ಕಾಲೇಜಿನಲ್ಲಿ. ಪುಲಿವೆಂದುಲದಲ್ಲಿ ಆಸ್ಪತ್ರೆ ನಡೆಸಿದ ಮನುಷ್ಯ. 2004ರಲ್ಲಿ ಅವರು ಅವಿಭಜಿತ ಆಂಧ್ರದ ಮುಖ್ಯಮಂತ್ರಿಯಾದಾಗ ಬಡವರ ದೊಡ್ಡ ಕಾಯಿಲೆಗಿದ್ದ ದಾರಿ ಒಂದೇ: ಶಾಸಕರ ಮನೆ ಬಾಗಿಲು. ಅವರ ಶಿಫಾರಸು ಪತ್ರ, ಅದು ಸೆಕ್ರೆಟರಿಯೇಟಿಗೆ ಹೋಗಿ ಮುಖ್ಯಮಂತ್ರಿ ಪರಿಹಾರ ನಿಧಿಯಿಂದ ಮಂಜೂರಾತಿ ಬರುವವರೆಗೆ ರೋಗಿ ಜೀವ ಹಿಡಿದುಕೊಂಡು ಕಾಯಬೇಕು. ಆ ಸಾಲು ಬೆಳೆದದ್ದೇ ಆರೋಗ್ಯಶ್ರೀಗೆ ಕಾರಣ. ಕೈಕಾಲು ಹಿಡಿದು ಪಡೆಯುತ್ತಿದ್ದುದನ್ನು ಕಾರ್ಡು ತೋರಿಸಿ ಪಡೆಯುವಂತೆ ಮಾಡುವುದು.

2007ರ ಏಪ್ರಿಲ್ 1ರಂದು ಮೆಹಬೂಬ್‌ನಗರ, ಅನಂತಪುರ, ಶ್ರೀಕಾಕುಳಂ ಜಿಲ್ಲೆಗಳಲ್ಲಿ ಶುರುವಾಯಿತು. 2008ರ ಹೊತ್ತಿಗೆ ಇಡೀ ರಾಜ್ಯಕ್ಕೆ ಹಬ್ಬಿತು. ಬಿಳಿ ರೇಷನ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ, ಸಾಲದಿದ್ದರೆ ಇನ್ನೂ ಐವತ್ತು ಸಾವಿರ. ಆಸ್ಪತ್ರೆಯ ಬಾಗಿಲಲ್ಲೇ ಕೈಹಿಡಿದು ಒಳಗೆ ಕರೆದೊಯ್ಯಲು ‘ಆರೋಗ್ಯಮಿತ್ರ’. ಕಾರ್ಪೊರೇಟ್ ಆಸ್ಪತ್ರೆಯ ಗಾಜಿನ ಬಾಗಿಲು ಕೂಲಿಯವನಿಗೂ ತೆರೆಯಿತು ಎಂಬುದು ಸಣ್ಣ ಮಾತಲ್ಲ. ಆ ಬಾಗಿಲಿನಿಂದ ಸರ್ಕಾರದ ದುಡ್ಡು ಹೊಳೆಯಾಗಿ ಖಾಸಗಿಯವರತ್ತ ಹರಿಯಿತು, ಉಸ್ಮಾನಿಯಾ, ಗಾಂಧಿಯಂಥ ಸರ್ಕಾರಿ ಆಸ್ಪತ್ರೆಗಳು ಬಡವಾದವು ಎಂಬ ಆಕ್ಷೇಪ ಅಂದೇ ಎದ್ದಿತು. ಅದರಲ್ಲೂ ಹುರುಳಿದೆ. ಜ್ವರ, ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ಅಂತ ದಿನದಿನದ ಖರ್ಚಿಗೆ ಈ ಕಾರ್ಡು ಆಸರೆಯಾಗಲಿಲ್ಲ. ಹೃದಯ ಕೆಟ್ಟ ಮೇಲೆ ಬಾ, ಕೆಡದಂತೆ ನೋಡಿಕೊಳ್ಳುವುದು ನಿನ್ನ ಪಾಡು.

ಇದರ ನಕಲು ಕರ್ನಾಟಕಕ್ಕೆ ಬಂದ ಬಗೆಯೇ ಸೊಗಸು. 2010ರಲ್ಲಿ ಬಿಜೆಪಿ ಸರ್ಕಾರ ‘ವಾಜಪೇಯಿ ಆರೋಗ್ಯಶ್ರೀ’ಯನ್ನು ಮೊದಲು ಜಾರಿಗೆ ತಂದದ್ದು ಕಲಬುರಗಿ ವಿಭಾಗದಲ್ಲಿ. ಅಲ್ಲಿ ಓದಿ ಹೋದವನ ಯೋಜನೆ ಇನ್ನೊಂದು ಪಕ್ಷದ ಹಿರಿಯರ ಹೆಸರು ಹೊತ್ತು ತವರಿಗೆ ಬಂದ ಹಾಗಾಯಿತು. ಆಮೇಲೆ ಬಂದ ಕಾಂಗ್ರೆಸ್ ಸರ್ಕಾರ ಬಿಪಿಎಲ್ ಅಲ್ಲದವರಿಗೆಂದು ತಂದದ್ದಕ್ಕೆ ‘ರಾಜೀವ್ ಆರೋಗ್ಯ ಭಾಗ್ಯ’ ಎಂದು ಹೆಸರಿಟ್ಟಿತು. ಹಾಗೆ ನೋಡಿದರೆ ಇವೆಲ್ಲಕ್ಕೂ ಮೊದಲು, 2003ರಲ್ಲೇ, ಸಹಕಾರ ಸಂಘದ ರೈತರಿಂದ ವರ್ಷಕ್ಕೆ ಅರವತ್ತು ರೂಪಾಯಿ ಪಡೆದು ಶಸ್ತ್ರಚಿಕಿತ್ಸೆ ಮಾಡಿಸುತ್ತಿದ್ದ ಯಶಸ್ವಿನಿ ನಮ್ಮಲ್ಲಿತ್ತು. ಅದಕ್ಕೆ ಯಾವ ನಾಯಕರ ಹೆಸರೂ ಇರಲಿಲ್ಲ. ಅದಕ್ಕೇ ಇರಬೇಕು, ಅದನ್ನು ನನ್ನ ಕೂಸು ಎಂದು ಎದೆ ತಟ್ಟಿಕೊಳ್ಳುವವರು ಕಡಿಮೆ.

ವಾಜಪೇಯಿ ಆರೋಗ್ಯಶ್ರೀಯನ್ನು ನೀರಜ್ ಸೂದ್ ಮತ್ತು ಸಂಗಡಿಗರು ಪರೀಕ್ಷೆಗೊಡ್ಡಿದರು. ಯೋಜನೆಯಿದ್ದ ಹಳ್ಳಿ, ಗಡಿಯಾಚೆ ಇಲ್ಲದ ಹಳ್ಳಿ ಎರಡನ್ನೂ ಹೋಲಿಸಿದರು. ಯೋಜನೆಯಲ್ಲಿದ್ದ ಕಾಯಿಲೆಗಳಿಂದ ಬಿಪಿಎಲ್ ಕುಟುಂಬಗಳಲ್ಲಿ ಆಗುತ್ತಿದ್ದ ಸಾವು ಯೋಜನೆಯಿದ್ದ ಹಳ್ಳಿಗಳಲ್ಲಿ ಶೇ 64ರಷ್ಟು ಕಡಿಮೆ ಇದ್ದದ್ದು ಕಂಡುಬಂತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಅದನ್ನು ಪ್ರಕಟಿಸಿತು. ಇಷ್ಟು ಗಟ್ಟಿ ಪುರಾವೆಯನ್ನು ಯಾವ ಪಕ್ಷವೂ ಪ್ರಚಾರದಲ್ಲಿ ಹಿಡಿದು ತೋರಿಸಿದ್ದನ್ನು ನಾನು ಕಾಣೆ. ಹೆಸರಿನ ಜಗಳಕ್ಕೆ ಅದು ಒದಗುವುದಿಲ್ಲವಲ್ಲ.

ಹೆಸರಿನ ಜಗಳದ ಅಖಾಡ ಆಂಧ್ರ. 2014ರಲ್ಲಿ ರಾಜ್ಯ ಒಡೆದ ಮೇಲೆ ಚಂದ್ರಬಾಬು ನಾಯ್ಡು ಆರೋಗ್ಯಶ್ರೀಗೆ ಎನ್‌ಟಿಆರ್ ಹೆಸರಿಟ್ಟರು. 2019ರಲ್ಲಿ ವೈಎಸ್ ಮಗ ಜಗನ್ ಬಂದರು, ಅದು ಅವರ ತಂದೆಯ ಹೆಸರಿನ ಆರೋಗ್ಯಶ್ರೀಯಾಯಿತು. 2024ರಲ್ಲಿ ನಾಯ್ಡು ಮರಳಿದರು, ಮತ್ತೆ ಎನ್‌ಟಿಆರ್ ವೈದ್ಯಸೇವೆ. ವಿಜಯವಾಡದ ಆರೋಗ್ಯ ವಿಶ್ವವಿದ್ಯಾಲಯದ ಫಲಕವೂ ಇದೇ ರೀತಿ ಹೋಗಿ ಬಂದಿದೆ. ಅಮೆರಿಕದಲ್ಲಿ ಇದು ತಿರುಗುಮುರುಗು: 2010ರ ಆರೋಗ್ಯ ಕಾಯ್ದೆಗೆ ‘ಒಬಾಮಾಕೇರ್’ ಎಂಬ ಹೆಸರನ್ನು ಅಂಟಿಸಿದ್ದು ವಿರೋಧಿಗಳು, ಹೀಯಾಳಿಸಲಿಕ್ಕೆ. ಒಬಾಮಾ ಅದನ್ನೇ ಬಾಚಿ ಇಟ್ಟುಕೊಂಡರು.

ತೆಲಂಗಾಣದಲ್ಲಿ ಕೆಸಿಆರ್‌ಗೆ ಇಕ್ಕಟ್ಟು ಬೇರೆ ಬಗೆಯದು. ಪ್ರತ್ಯೇಕ ರಾಜ್ಯ ಕೇಳಿದವರಿಗೆ ವೈಎಸ್ ಎದುರಾಳಿ. ಆದರೆ ಅವರ ಯೋಜನೆಯನ್ನು ಮುಟ್ಟಿದರೆ ಹಳ್ಳಿ ಸುಮ್ಮನಿರದು. ಆರೋಗ್ಯಶ್ರೀ ಉಳಿಯಿತು, ‘ರಾಜೀವ್’ ಮಸುಕಾಯಿತು. ಒಂದು ಹಳೇ ಸಂಗತಿಯನ್ನು ಇಲ್ಲಿ ಎರಡೂ ಪಕ್ಷದವರು ನೆನೆಯಲು ಇಷ್ಟಪಡುವುದಿಲ್ಲ: 2004ರಲ್ಲಿ ಟಿಆರ್‌ಎಸ್ (ಇಂದಿನ ಬಿಆರ್‌ಎಸ್) ಕಾಂಗ್ರೆಸ್ಸಿನ ಮಿತ್ರಪಕ್ಷ. ಮುಂದೆ ತೆಲಂಗಾಣದ ಆರೋಗ್ಯ ಸಚಿವರಾಗಿ ಕಾಂಗ್ರೆಸ್ಸನ್ನು ಝಾಡಿಸಿದ ಹರೀಶ್ ರಾವ್ ಮೊದಲು ಮಂತ್ರಿಯಾದದ್ದು ವೈಎಸ್ ಸಂಪುಟದಲ್ಲೇ.

2018ರ ಸೆಪ್ಟೆಂಬರಿನಲ್ಲಿ ಕೇಂದ್ರದ ಆರೋಗ್ಯ ಯೋಜನೆ ಆಯುಷ್ಮಾನ್ ಭಾರತ್ ಬಂದಾಗ ಕೆಸಿಆರ್ ಒಲ್ಲೆನೆಂದರು. ಕೇಂದ್ರದ ಪಟ್ಟಿ 2011ರ ಸಾಮಾಜಿಕ–ಆರ್ಥಿಕ ಗಣತಿಯದು, ಅದಕ್ಕಿಂತ ಹೆಚ್ಚು ಮನೆಗಳಿಗೆ ನಮ್ಮ ಆರೋಗ್ಯಶ್ರೀ ಮುಟ್ಟುತ್ತಿದೆ ಎಂಬ ವಾದ. ಲೆಕ್ಕದಲ್ಲಿ ಅದು ಸುಳ್ಳಲ್ಲ. ಆದರೆ ಕೇಂದ್ರದ ಕಾರ್ಡಿಗೆ ಒಂದು ಗುಣವಿದೆ, ಅದು ಗಡಿ ದಾಟುತ್ತದೆ. ಬೀದರ್, ಕಲಬುರಗಿ, ರಾಯಚೂರಿನಿಂದ ದೊಡ್ಡ ಕಾಯಿಲೆ ಬಂದಾಗ ಹೈದರಾಬಾದಿನ ರೈಲು ಹತ್ತುವವರಿಗೆ ಬೆಂಗಳೂರಿಗಿಂತ ಈ ಊರೇ ಹತ್ತಿರ. ನಿಜಾಮರ ಕಾಲದ ನಂಟು ರೇಷನ್ ಕಾರ್ಡಿಗೆ ಗೊತ್ತಿಲ್ಲ. ಕರ್ನಾಟಕದ ಕಾರ್ಡಿಗೆ ಆರೋಗ್ಯಶ್ರೀ ಸಿಗದು. ಕೊನೆಗೆ 2020ರ ಡಿಸೆಂಬರಿನಲ್ಲಿ ತೆಲಂಗಾಣ ಒಪ್ಪಿತು. 2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೇ ಅಲೆಯ ನಡುವೆ, ಒಪ್ಪಂದವಾಯಿತು. ನಾವು ಮಣಿಸಿದೆವು ಎಂದರು ಬಿಜೆಪಿಯವರು.

ವಿಮೆ ಎಂದು ಎಲ್ಲರೂ ಕರೆದರೂ ಇದು ಈಗ ವಿಮೆಯಲ್ಲ. ಮೊದಲಿಗೆ ಸ್ಟಾರ್ ಹೆಲ್ತ್ ಎಂಬ ಕಂಪನಿಗೆ ಸರ್ಕಾರ ಪ್ರೀಮಿಯಂ ಕಟ್ಟುತ್ತಿತ್ತು. ಬರಬರುತ್ತ ಕಂಪನಿ ಹೊರಬಿದ್ದು ಆರೋಗ್ಯಶ್ರೀ ಟ್ರಸ್ಟ್ ನೇರವಾಗಿ ಆಸ್ಪತ್ರೆಗಳ ಬಿಲ್ಲು ಕಟ್ಟತೊಡಗಿತು. ಅಂದರೆ ವಿಮಾ ಕಂಪನಿಯೂ ಸರ್ಕಾರವೇ, ಸಾಲಗಾರನೂ ಸರ್ಕಾರವೇ. ಖಜಾನೆ ಬಿಗಿಯಾದರೆ ಮೊದಲು ನಿಲ್ಲುವುದು ಈ ಬಿಲ್ಲು. ಮಿತಿಯನ್ನು ಐದರಿಂದ ಹತ್ತಕ್ಕೆ ಏರಿಸುವುದು ಸರ್ಕಾರಕ್ಕೆ ಅಷ್ಟು ದುಬಾರಿಯಲ್ಲ. ಬಹುಪಾಲು ಪ್ಯಾಕೇಜುಗಳ ದರ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ದುಬಾರಿ ಬೀಳುವುದು ತಿಂಗಳು ತಿಂಗಳೂ ಬಾಕಿ ತೀರಿಸುವುದು. ಅದಕ್ಕೆ ಯಾರೂ ವೇದಿಕೆ ಹಾಕುವುದಿಲ್ಲ.

2019ರ ಆಗಸ್ಟಿನಲ್ಲಿ ಖಾಸಗಿ ಆಸ್ಪತ್ರೆಗಳು ಆರೋಗ್ಯಶ್ರೀ ಸೇವೆ ನಿಲ್ಲಿಸಿದವು. ಬಾಕಿ ಸಾವಿರ ಕೋಟಿ ದಾಟಿದೆ ಎಂದರು. ಆಗ ಟಿಆರ್‌ಎಸ್ ಸರ್ಕಾರ, ಬೈದದ್ದು ಕಾಂಗ್ರೆಸ್. 2025ರ ಸೆಪ್ಟೆಂಬರ್ ನಡುವಿನಲ್ಲಿ ಮತ್ತೆ ನಿಲ್ಲಿಸಿದವು. ಬಾಕಿ ಸಾವಿರ ಕೋಟಿ ದಾಟಿದೆ ಎಂದರು. ಈಗ ಕಾಂಗ್ರೆಸ್ ಸರ್ಕಾರ, ಬೈದದ್ದು ಬಿಆರ್‌ಎಸ್. ಹಿಂದಿನವರು ಬಿಟ್ಟುಹೋದ ಬಾಕಿ ಎಂಬುದು ಸರ್ಕಾರದ ಕಡೆಯ ಉತ್ತರ. ಆರೋಗ್ಯ ಸಚಿವ ದಾಮೋದರ ರಾಜನರಸಿಂಹರೊಂದಿಗೆ ಮಾತುಕತೆಯಾಗಿ ಸೇವೆ ಮರಳಿತು. ಆ ವಾರದಲ್ಲೇ ಸೆಪ್ಟೆಂಬರ್ 17 ಕೂಡ ಬಂದು ಹೋಯಿತು. ಈಗ ಸರ್ಕಾರಿ ಲೆಕ್ಕದಲ್ಲಿ ಅದು ‘ಪ್ರಜಾ ಪಾಲನಾ ದಿನೋತ್ಸವ’.

ಇನ್ನು ಕಾರ್ಡಿನ ಮಾತು. ಕೆಸಿಆರ್ ಕಾಲದಲ್ಲಿ ಹೊಸ ರೇಷನ್ ಕಾರ್ಡು ವರ್ಷಗಟ್ಟಲೆ ಸಿಗಲಿಲ್ಲ. ಮದುವೆಯಾಗಿ ಬೇರೆ ಮನೆ ಹೂಡಿದವರು, ಆಮೇಲೆ ಹುಟ್ಟಿದ ಮಕ್ಕಳು ಯಾರ ಪಟ್ಟಿಗೂ ಸೇರದೆ ಉಳಿದರು. 2025ರಲ್ಲಿ ಕಾಂಗ್ರೆಸ್ ಸರ್ಕಾರ ಹೊಸ ಕಾರ್ಡು ಹಂಚತೊಡಗಿತು. ಅಕ್ಕಿಯ ಕಾರ್ಡು ಎಂದೇ ಭಾಷಣ ನಡೆಯಿತು, ಆದರೆ ಆಪರೇಷನ್ ಥಿಯೇಟರಿನ ಬೀಗದ ಕೈಯೂ ಅದೇ.

ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯಲ್ಲಿ ಈಗಲೂ ಕೇಳಿಬರುವ ಒಂದು ಮಾತು ‘ಎಲ್‌ಒಸಿ’. ಪ್ಯಾಕೇಜಿನಲ್ಲಿ ಇಲ್ಲದ ಚಿಕಿತ್ಸೆಗೆ, ಕಾರ್ಡಿಲ್ಲದವರಿಗೆ, ಮುಖ್ಯಮಂತ್ರಿ ಪರಿಹಾರ ನಿಧಿಯಿಂದ ಆಸ್ಪತ್ರೆಗೆ ಬರೆದುಕೊಡುವ ಪತ್ರ ಅದು. ಅದನ್ನು ತರಬೇಕೆಂದರೆ ಶಾಸಕರ ಬಳಿ ಹೋಗಬೇಕು. ಪರಿಹಾರ ನಿಧಿಯ ಚೆಕ್ಕನ್ನು ಶಾಸಕರು ರೋಗಿಯ ಮನೆಯವರ ಕೈಗೆ ಕೊಡುವ ಫೋಟೋ ತೆಲುಗು ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಕಾಣುತ್ತಲೇ ಇರುತ್ತದೆ. ಪಕ್ಷ ಬದಲಾದಾಗ ಬದಲಾಗುವುದು ಶಾಸಕರ ಹೆಗಲ ಮೇಲಿನ ಶಾಲಿನ ಬಣ್ಣ.